ಕಾರ್ಡಿನೊಳಗಿನ ಸರೋಜ

ಕೊಪ್ಪದಿಂದ ಬೆಳಗಿನ ಮೊದಲ ಬಸ್ಸು ಹೊರಟಾಗ ಊರು ಇನ್ನೂ ಮಂಜಿನೊಳಗೇ ಇತ್ತು. ವನಮಾಲಾ ಕಿಟಕಿ ಪಕ್ಕ ಕೂತು ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಒಳಗೆ ಎರಡು ಕಾಗದ. ಒಂದು, ತಂಗಿ ಸರೋಜಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕೆಂದು ಮ್ಯಾಜಿಸ್ಟ್ರೇಟರು ಕೊಟ್ಟ ಆದೇಶದ ಜೆರಾಕ್ಸು. ಇನ್ನೊಂದು, ಬಿಪಿಎಲ್ ರೇಷನ್ ಕಾರ್ಡು. ಎರಡರಲ್ಲೂ ಸರೋಜಳ ಹೆಸರಿತ್ತು. ಕಾರ್ಡಿನ ಫೋಟೊದಲ್ಲಿದ್ದ ಮುಖ ಮಾತ್ರ ಅವಳದಲ್ಲ.

ಅದು ಆದದ್ದು ಹೀಗೆ. ಎರಡು ವರ್ಷದ ಹಿಂದೆ, 2006ರಲ್ಲಿ, ಬಾಳಗಡಿಯ ಶಾಲೆಯಲ್ಲಿ ಹೊಸ ಕಾರ್ಡಿಗೆ ಫೋಟೊ ತೆಗೆಯುತ್ತಾರೆ, ಮನೆಮಂದಿಯೆಲ್ಲ ಒಟ್ಟಿಗೆ ನಿಲ್ಲಬೇಕು, ಬಾರದವರ ಹೆಸರು ಹೋಗುತ್ತದೆ ಎಂದು ಸುದ್ದಿಯಾಯಿತು. ಮನೆಮಂದಿ ಎಂದರೆ ಮೂರೇ ಜನ: ತಾಯಿ ಸುಬ್ಬಮ್ಮ, ಕಾಲೇಜಿನೆದುರು ಹೊಲಿಗೆ ಅಂಗಡಿ ಇಟ್ಟುಕೊಂಡ ವನಮಾಲಾ, ಮತ್ತೆ ಸರೋಜ. ಸರೋಜ ಆಗಲೇ ಗೋಡೆಯ ಜೊತೆ ಮಾತಾಡುತ್ತಿದ್ದಳು, ಗೋಡೆ ಹೇಳಿದ್ದಕ್ಕೆ ನಗುತ್ತಲೂ ಇದ್ದಳು. ಊರೆಲ್ಲ ಸಾಲುಗಟ್ಟಿ ನಿಂತಲ್ಲಿಗೆ ಅವಳನ್ನು ಕರೆದೊಯ್ಯಲು ಇಬ್ಬರಿಗೂ ನಾಚಿಕೆ. ಸುಬ್ಬಮ್ಮ ಉಪಾಯ ತೆಗೆದಳು. ಸರೋಜಳನ್ನು ಹಿಂದಿನ ಕೋಣೆಯಲ್ಲಿ ಬಿಟ್ಟು ಚಿಲಕ ಹಾಕಿ, ಪಕ್ಕದ ಮನೆ ಜಟ್ಟಪ್ಪನ ಮಗಳು ಕಾವ್ಯಳನ್ನು ನಡುವೆ ನಿಲ್ಲಿಸಿಕೊಂಡರು. ಮದುವೆ ಮನೆಯಲ್ಲಿ ಐದು ಮುತ್ತೈದೆಯರಲ್ಲಿ ಒಬ್ಬಳು ಕಮ್ಮಿಯಾದರೆ ಆಚೆ ಮನೆಯವಳನ್ನು ಕೂರಿಸಿ ಶಾಸ್ತ್ರ ಮುಗಿಸುತ್ತಾರಲ್ಲ, ಅಷ್ಟೇ ಸಲೀಸಾಗಿ. ಮೋಸ ಮಾಡುತ್ತಿದ್ದೇವೆ ಎಂದು ಅವರಿಗೆ ಅನಿಸಲೇ ಇಲ್ಲ. ಕಾವ್ಯ ಚೆಂದ ನಕ್ಕಳು. ಅಂಥ ನಗು ಸರ್ಕಾರಿ ಕಾಗದದ ಮೇಲೆ ಬರುವುದು ಅಪರೂಪ.

ಈ ವರ್ಷ ಒಂದು ದಿನ ಸರೋಜ ಯಾರಿಗೂ ಹೇಳದೆ ಶೃಂಗೇರಿಯವರೆಗೆ ನಡೆದು ಹೋದಳು. ತುಂಗೆಯಲ್ಲಿ ಸೊಂಟದ ಮಟ್ಟ ಇಳಿದು ನಿಂತಳು. ಮೀನುಗಳು ಹಾಜರಿ ಕೂಗುತ್ತಿವೆ, ತನ್ನ ಹೆಸರು ಬರುವವರೆಗೆ ಮೇಲೆ ಬರುವುದಿಲ್ಲ ಎಂದಳಂತೆ. ಪುರಿ ಎಸೆಯುತ್ತಿದ್ದ ಯಾತ್ರಿಕರು ಕೈ ತಡೆದು ನೋಡುತ್ತಾ ನಿಂತರು. ಪೊಲೀಸರು ಬಂದರು, ಡಾಕ್ಟರು ನೋಡಿದರು, ಮ್ಯಾಜಿಸ್ಟ್ರೇಟರು ಸಹಿ ಹಾಕಿದರು. ಕೋರ್ಟು ಕಳಿಸಿದ್ದು, ಖರ್ಚೂ ಕೋರ್ಟಿನದೇ ಎಂದುಕೊಂಡು ಮನೆಯವರು ನಿಟ್ಟುಸಿರು ಬಿಟ್ಟರು. ಮೂರು ತಿಂಗಳಿಗೆ ಆಸ್ಪತ್ರೆಯಿಂದ ಕಾಗದ ಬಂತು. ಆದೇಶ ಬೇರೆ, ಖರ್ಚು ಬೇರೆ. ಉಚಿತ ಚಿಕಿತ್ಸೆ ಬೇಕಾದರೆ ರೋಗಿಯ ಹೆಸರೂ ಮುಖವೂ ಇರುವ ಕಾರ್ಡು ತೋರಿಸಬೇಕು, ಇಲ್ಲವಾದರೆ ಮನೆಯವರೇ ಭರಿಸಬೇಕು. ರವಿಕೆ ಹೊಲಿದು ಭರಿಸುವ ಖರ್ಚಲ್ಲ ಅದು. ಅರ್ಧಕ್ಕೆ ಬಿಡಿಸಿಕೊಂಡು ಬಂದರೆ ಮತ್ತೆ ಅದೇ ಕೋಣೆ, ಅದೇ ಗೋಡೆ. ಅದಕ್ಕೇ ಇವತ್ತು ಅಮ್ಮ ಮಗಳು ಆ ಕಾರ್ಡನ್ನೇ ಹಿಡಿದು ಆಸ್ಪತ್ರೆಗೆ ಹೊರಟಿದ್ದರು.

ನರಸಿಂಹರಾಜಪುರ ದಾಟುವಾಗ ಭದ್ರೆಯ ಹಿನ್ನೀರು ಬೆಳ್ಳಗೆ ಮಲಗಿತ್ತು. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ವನಮಾಲಾಳ ಕಣ್ಣು ಮುಚ್ಚಿತೋ ತೆರೆದೇ ಇತ್ತೋ. ಬಸ್ಸು ನೀರಿನ ಮೇಲೇ ಸದ್ದಿಲ್ಲದೆ ಹೋಗುತ್ತಿತ್ತು, ಚೀಲದೊಳಗಿಂದ ಫೋಟೊದ ಹುಡುಗಿ ಮೆಲ್ಲಗೆ ಕೇಳುತ್ತಿದ್ದಳು. “ಅಕ್ಕಾ, ಇನ್ನೂ ಎಷ್ಟು ದಿನ ನಗ್ತಾ ನಿಂತಿರ್ಬೇಕು? ಕೆನ್ನೆ ನೋಯ್ತದೆ.” ಕಾವ್ಯಳ ಮುಖದ ಹಿಂದೆ ಇನ್ನೊಂದು ಮುಖ ನೀರಡಿಯಿಂದ ಮೇಲೆ ಬರುತ್ತಿತ್ತು. ಅದು ಯಾರದೆಂದು ಕಾಣುವಷ್ಟರಲ್ಲಿ ಪಕ್ಕದಲ್ಲಿದ್ದ ಸುಬ್ಬಮ್ಮ ಮೊಣಕೈಯಲ್ಲಿ ತಿವಿದಳು.

“ಸರೋಜಂಗೆ ಒಂದು ಸನ್ನೆ ಮಾಡು ಮಾರಾಯ್ತಿ. ಫೋಟೊ ತೋರ್ಸಿದಾಗ ಇದು ನಾನೇ ಅಂತ ಅವಳು ಅಂದ್ರೆ ಮುಗೀತು. ತಲೆ ಸರಿ ಇಲ್ದವಳು, ಎಂತ ಹೇಳಿಕೊಟ್ರೂ ಹೇಳ್ತಾಳೆ.”

ವನಮಾಲಾ ಹೂಂ ಅಂದಳು. ಅವಳ ಆಸೆಯೂ ಅದೇ ಆಗಿತ್ತು, ಸುಳ್ಳೇಕೆ.

ಆಸ್ಪತ್ರೆಯ ಕಚೇರಿಯಲ್ಲಿ ಕಡತ ನೋಡುವ ಮೇಘನ ಎಂಬಾಕೆ ಇದ್ದಳು, ಪಕ್ಕದಲ್ಲಿ ವಯಸ್ಸಾದ ಡಾಕ್ಟರು. ಸರೋಜಳನ್ನು ಕರೆತಂದರು. ತಲೆ ಬಾಚಿತ್ತು, ಮುಖ ತೊಳೆದ ಹಾಗೆ ತಿಳಿಯಾಗಿತ್ತು. ಅವಳು ಗೋಡೆಯ ಕಡೆ ನೋಡಲೇ ಇಲ್ಲ. ಬಂದವಳೇ ಅಕ್ಕನ ಕೈ ಹಿಡಿದು ಕೂತಳು. ಬೆರಳು ಬೆಚ್ಚಗಿದ್ದವು, ವನಮಾಲಾ ಸನ್ನೆ ಮಾಡುವುದನ್ನು ಮರೆತೇಬಿಟ್ಟಳು.

ಮೇಘನ ಕಾರ್ಡನ್ನು ಸರೋಜಳ ಮುಂದಿಟ್ಟಳು. “ಇದರಲ್ಲಿ ಯಾರ್ಯಾರಿದ್ದಾರೆ, ಹೇಳಿ ನೋಡೋಣ.”

ಸರೋಜ ಕಾರ್ಡನ್ನು ಹತ್ತಿರ ಎಳೆದುಕೊಂಡು ನೋಡಿದಳು. “ಇದು ಅಮ್ಮ,” ಎಂದಳು. “ಇದು ಅಕ್ಕ. ಇದು ಕಾವ್ಯ, ಜಟ್ಟಪ್ಪಣ್ಣನ ಮಗಳು.”

“ಮತ್ತೆ ನೀವು?”

“ನಾನಿಲ್ಲ.”

ಡಾಕ್ಟರ ಮುಖ ಅರಳಿತು. ಬಂದಾಗ ತನ್ನ ಕೈಯನ್ನೇ ತೋರಿಸಿ ಇದು ಯಾರದು ಎಂದು ಕೇಳುತ್ತಿದ್ದವಳು ಎಂದು ಹೇಳುತ್ತಾ ಕಡತದಲ್ಲಿ ಏನೋ ಬರೆಯಹೊರಟರು. ತಂಗಿ ವಾಪಸು ಬರುತ್ತಿದ್ದಳು, ಬರುತ್ತಲೇ ಉಚಿತ ಚಿಕಿತ್ಸೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಸುಬ್ಬಮ್ಮ ಮುಂದೆ ಬಾಗಿದಳು. “ಅವಳಿಗೆ ಇನ್ನೂ ತಿಳಿಯೂದಿಲ್ಲ ಸಾರ್. ಬಾಯಿಗೆ ಬಂದದ್ದು ಹೇಳ್ತಾಳೆ. ಅದು ಅವಳೇ.”

ಡಾಕ್ಟರ ಪೆನ್ನು ನಿಂತಿತು. ಸರೋಜ ಅಮ್ಮನ ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು. ಅವಳ ಕಣ್ಣಲ್ಲಿ ಹಳೆಯ ಅನುಮಾನ ನಿಧಾನವಾಗಿ ಏಳತೊಡಗಿತು. ತಾನು ಕಂಡದ್ದು ಸರಿಯೋ ತಪ್ಪೋ ಎಂಬ ಆ ಅನುಮಾನವನ್ನು ವನಮಾಲಾ ವರ್ಷಗಟ್ಟಲೆ ಕಂಡಿದ್ದಳು. ಸುಮ್ಮನಿದ್ದರೆ ಕಾರ್ಡು ಉಳಿಯುತ್ತದೆ, ಚಿಕಿತ್ಸೆ ಉಳಿಯುತ್ತದೆ, ಸರೋಜ ಮತ್ತೆ ಹುಚ್ಚಿಯಾಗುತ್ತಾಳೆ.

“ಅವಳು ಹೇಳಿದ್ದೇ ಸರಿ,” ಎಂದಳು ವನಮಾಲಾ. “ಅದು ಕಾವ್ಯ. ನಿಲ್ಸಿದ್ದು ನಾವು.”

ಸುಬ್ಬಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಮೇಘನ ಕಾರ್ಡನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಈ ಕಾರ್ಡು ಇಲ್ಲಿ ನಡೆಯುವುದಿಲ್ಲ, ರದ್ದಾದರೂ ಆಗಬಹುದು ಎಂದಳು. ಆದರೆ ಕೋರ್ಟಿನ ಆದೇಶದ ಮೇಲೆ ಬಂದವರಿಗೆ ಇನ್ನೊಂದು ದಾರಿಯಿದೆ. ನಡೆದದ್ದನ್ನೆಲ್ಲ ನಡೆದ ಹಾಗೇ ಬರೆದು ಕೊಟ್ಟರೆ ತಹಶೀಲ್ದಾರರಿಗೆ ಕಳಿಸುತ್ತೇನೆ, ಅವರು ವಿಚಾರಿಸಿ ಈ ಮನೆಗೆ ಶಕ್ತಿಯಿಲ್ಲ ಎಂದು ಬರೆದರೆ ಸಾಕು, ಖರ್ಚನ್ನು ಸರ್ಕಾರ ಭರಿಸುತ್ತದೆ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಉತ್ತರ ಬರುವವರೆಗೆ ಸರೋಜ ಇಲ್ಲೇ ಇರಲಿ ಎಂದಳು.

ವನಮಾಲಾ ಬಿಳಿ ಹಾಳೆ ತೆಗೆದುಕೊಂಡಳು. ಮಾನ್ಯರೆ ಎಂದು ಬರೆದಳು. ಫೋಟೊ ತೆಗೆದ ದಿನ ನನ್ನ ತಂಗಿ ಮನೆಯಲ್ಲಿ ಇರಲಿಲ್ಲವಾದ್ದರಿಂದ ಎಂದು ಬರೆದು ಮುಂದಿನ ಮಾತಿಗೆ ತಡಕಾಡುತ್ತಿದ್ದಾಗ, ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಓದುತ್ತಿದ್ದ ಸರೋಜ ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದ್ದೆ ಅಕ್ಕಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಕೋಣೇಲಿದ್ದೆ. ನೀವು ಕರೀತೀರಿ ಅಂತ ಸೀರೆ ಉಟ್ಕೊಂಡು ಕೂತಿದ್ದೆ.”

ವನಮಾಲಾ ಆ ಸಾಲನ್ನು ಹೊಡೆದು ಹಾಕಿದಳು. ಅದರ ಕೆಳಗೆ, ನನ್ನ ತಂಗಿ ಸರೋಜ ಆ ದಿನ ಮನೆಯಲ್ಲಿ ಇದ್ದಳು, ಎಂದು ಬರೆದಳು.