ಹಗೇವಿನಿಂದ ಬಂದ ಚಿಗರಿ

ಸಿದ್ದಲಿಂಗವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಒಬ್ಬನೇ ಮಗ ಮಲಕಪ್ಪ. ಬೆಳಗಾದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ನೇಯುತ್ತಿದ್ದ ಖಣ ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಗುಳೇದಗುಡ್ಡದ ಆ ಮನೆಯಲ್ಲಿ ಮಗ್ಗದ ಸದ್ದಿತ್ತು, ಮಾತಿರಲಿಲ್ಲ. ಸೊಸೆ ಬರಲಿ, ಎದುರಿಗೆ ಕೂರಿಸಿಕೊಂಡು ಕಂಡಿಕೆಗೆ ನೂಲು ಸುತ್ತುತ್ತ ಹೊಟ್ಟೆ ತುಂಬ ಮಾತಾಡಬೇಕೆಂದು ಆಕೆ ಕಾದಿದ್ದಳು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ ಸೊಸೆ ಬಂದಳು. ಹುನಗುಂದದ ಕಡೆಯ ಬನಶಂಕರಿ, ತಾಯಿಯಿಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಕೆಲಸದಲ್ಲಿ ಎತ್ತಿದ ಕೈ. ಆದರೆ ಬಾಯಿ ಬಿಟ್ಟರೆ "ಹೂಂ ರಿ", ಇಲ್ಲವೇ "ಇಲ್ಲರಿ", ಅಷ್ಟೇ. ಸಿದ್ದಲಿಂಗವ್ವ ಆಕೆಯ ತಲೆಗೆ ಎಣ್ಣೆ ಹಚ್ಚಿದಳು, ಕರಿಗಡಬು ಮಾಡಿ ಬಡಿಸಿದಳು.

"ನನ್ನ ಮುಂದ ಏನರ ಮಾತಾಡ ಯವ್ವಾ."

"ಏನ್ ಮಾತಾಡ್ಲಿ ರಿ?"

ಹೀಗೇ ವರ್ಷ ಕಳೆಯಿತು.

ಒಂದು ದಿನ ಓಣಿಯ ಕೊನೆಯ ಪಾಳುಜಾಗದಲ್ಲಿ ಗದ್ದಲವೆದ್ದಿತು. ಹಿಂದೆ ಜೋಳ ತುಂಬಿಡುತ್ತಿದ್ದ, ನೆಲದಡಿಯ ಹಳೆಯ ಹಗೇವಿನೊಳಗೆ ನಾಯಿಯೊಂದು ಬಿದ್ದು ಎರಡು ದಿನದಿಂದ ಕುಂಯ್‌ಗುಡುತ್ತಿತ್ತು. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಬದುಕಲಿಕ್ಕಿಲ್ಲ ಎಂದು ಎಲ್ಲರೂ ಮೇಲೆ ನಿಂತೇ ಮರುಗುತ್ತಿದ್ದರು. ಬನಶಂಕರಿ ಕೊಡ ಕೆಳಗಿಟ್ಟಳು. ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟಳು. ದೀಪ ಆರಲಿಲ್ಲ.

"ನಾ ಇಳೀತೇನಿ, ಹಗ್ಗ ಹಿಡೀರಿ" ಎಂದಳು.

ಮೇಲೆ ಬಂದಾಗ ಸೀರೆಯ ಸೆರಗಿನೊಳಗೆ ಎಲುಬುಗೂಡಿನಂಥ ಒಂದು ಹೆಣ್ಣುನಾಯಿ ಇತ್ತು. ಕಾಲು ಜಿಂಕೆಯ ಕಾಲಿನಂತೆ ಸಣ್ಣ, ಉದ್ದ. ಅದಕ್ಕೇ ಚಿಗರಿ ಎಂದು ಹೆಸರಿಟ್ಟಳು. ಮಲಕಪ್ಪ ಬೇಡವೆನ್ನಲಿಲ್ಲ. ಸೊಸೆಯ ಧೈರ್ಯಕ್ಕೆ ಹಿಗ್ಗಿದ್ದ ಸಿದ್ದಲಿಂಗವ್ವನೇ ಮೊದಲ ದಿನ ಅದಕ್ಕೆ ಹಾಲು ಕಾಸಿ ಕೊಟ್ಟಳು.

ನಾಲ್ಕು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಲಿನಿಂದ ಗುಸುಗುಸು ಕೇಳಿಸಿತು. ಯಾರೋ ನೆರೆಯವರು ಬಂದಿರಬೇಕೆಂದು ಸಿದ್ದಲಿಂಗವ್ವ ಬಾಗಿಲ ಸಂದಿಯಿಂದ ನೋಡಿದಳು. ಯಾರೂ ಇಲ್ಲ. ಬನಶಂಕರಿ ನಾಯಿಯ ಗಾಯಕ್ಕೆ ಅರಿಶಿನ ಹಚ್ಚುತ್ತ ಮಾತಾಡುತ್ತಿದ್ದಳು. ಮಾತೇನೆಂದು ತಿಳಿಯಲಿಲ್ಲ. ಆದರೆ ಅದು ನಿಲ್ಲುತ್ತಲೇ ಇರಲಿಲ್ಲ. ನಡುವೆ ನಕ್ಕಳು ಕೂಡ. ಆ ನಗು ಸಿದ್ದಲಿಂಗವ್ವ ಕೇಳಿದ್ದು ಅದೇ ಮೊದಲು.

ಆಕೆಯ ಎದೆಯಲ್ಲಿ ಯಾರೋ ಕೆಂಡ ಇಟ್ಟಂತಾಯಿತು. ವರ್ಷವಿಡೀ ತಾನು ಬೇಡಿದ್ದು ನಾಲ್ಕು ದಿನದ ನಾಯಿಗೆ ಬೇಡದೆಯೇ ಸಿಕ್ಕಿತ್ತು. ಅಂದಿನಿಂದ ನಾಯಿ ಬಾಲ ಅಲ್ಲಾಡಿಸಿದರೂ ಸಿಟ್ಟು, ಸುಮ್ಮನೆ ಮಲಗಿದರೂ ಸಿಟ್ಟು. ಸೊಸೆ ರೊಟ್ಟಿಯ ಚೂರು ಹಾಕಿದರೆ, "ಮನಶ್ಯಾರಿಗಿಂತ ಅದಕ್ಕs ಉಪಚಾರ ಭಾಳ ಆತು" ಎಂದು ಗೊಣಗುವಳು. ಸೊಸೆ "ಹೂಂ ರಿ" ಎನ್ನುವಳು. ಅದು ಇನ್ನಷ್ಟು ಉರಿಸುತ್ತಿತ್ತು.

ಕಮತಗಿಯಿಂದ ತಂಗಿ ಬಸಲಿಂಗವ್ವ ಚಕ್ಕಡಿಯಲ್ಲಿ ಖಣ ಕೊಳ್ಳಲು ಬಂದ ದಿನ ಬನಶಂಕರಿ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು.

"ಹೊಲಾ ಕಾಯಾಕ ನಾಯಿ ಬೇಕಂತಿದ್ದಿ ಅಲ್ಲ? ಇದನ್ನ ಒಯ್ಯಿ" ಎಂದಳು ಸಿದ್ದಲಿಂಗವ್ವ.

"ಸೊಸಿ ಏನೂ ಅನ್ನೂದಿಲ್ಲೇನ?"

"ಅಕಿ ಏನ್ ಅಂತಾಳ? ಅಕೀಗೆ ಬಾಯಿ ಎಲ್ಲೈತಿ?"

ಕೆರೆಯಿಂದ ಬಂದ ಸೊಸೆಗೆ, ನಾಯಿ ಬಾಗಿಲು ತೆರೆದದ್ದು ಕಂಡು ಓಡಿಹೋಯಿತೆಂದು ಹೇಳಿದಳು.

ಬನಶಂಕರಿ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದಳು. ಮೂರು ದಿನ ಓಣಿ ಓಣಿ ತಿರುಗಿ "ಚಿಗರೀ! ಚಿಗರೀ!" ಎಂದು ಕೂಗಿದಳು. ಆ ಕೂಗಿಗೆ ಮಗ್ಗ ನಿಲ್ಲಿಸಿ ಜನ ಹೊರಗೆ ಬಂದು ನೋಡಿದರು. ಸಿದ್ದಲಿಂಗವ್ವ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ನಾನು ಕಳೆದುಹೋದರೆ ಹೀಗೆ ನನ್ನ ಹೆಸರು ಹಿಡಿದು ಕೂಗುವವರು ಯಾರಿದ್ದಾರೆ ಎನಿಸಿ ಮತ್ತೆ ಹೊಟ್ಟೆ ಉರಿಯಿತು. ಮೂರನೆಯ ದಿನ ಸೊಸೆ ಆ ಹಗೇವಿನ ಬಾಯಿಗೆ ಬಗ್ಗಿ ಕೂಗುತ್ತಿದ್ದುದನ್ನು ಕಂಡಳು. ಕೂಗಿ ಕೂಗಿ ಗಂಟಲು ಕಟ್ಟಿ ಉಸಿರಷ್ಟೇ ಹೊರಡುತ್ತಿತ್ತು. ಆಗ ಸಿದ್ದಲಿಂಗವ್ವನ ಕಾಲುಗಳು ತಾವಾಗಿಯೇ ಅತ್ತ ನಡೆದವು.

"ಅಲ್ಲಿಲ್ಲ ಯವ್ವಾ. ಬಸಲಿಂಗವ್ವಗ ನಾನs ಕೊಟ್ಟೇನಿ. ಸುಳ್ಳ ಹೇಳಿದೆ."

ಬನಶಂಕರಿ ಎದ್ದು ನಿಂತಳು.

"ಯಾಕ ಕೊಟ್ರಿ?"

"ಅದರ ಮುಂದ ಮಾತಾಡ್ತಿದ್ದಿ. ನನ್ನ ಮುಂದ ಇಲ್ಲ."

"ಅದಕ್ಕಂತ ಮೂಕಪ್ರಾಣೀನ ಹೊರಗ ಹಾಕೂದೇನ್ರಿ? ಮೂರು ದಿನಾ ನಾ ಹುಚ್ಚೀ ಹಂಗ ತಿರಗೂದು ನೋಡ್ಕೋತ ಕುಂತಿದ್ರೆಲ್ಲಾ, ನಿಮಗ ಕರಳ ಅನ್ನೂದು ಐತೇನ್ರಿ?"

ಕಟ್ಟಿದ ಗಂಟಲಲ್ಲೇ ಬಯ್ದಳು, ಅಳುತ್ತ ಬಯ್ದಳು. ಸಿದ್ದಲಿಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ನಸುಕಿಗೆ ನೆರೆಮನೆಯ ಚಕ್ಕಡಿ ಕೇಳಿ ಇಬ್ಬರೂ ಕಮತಗಿಗೆ ಹೊರಟರು.

ಹೊಲದ ಬೇವಿನ ಗಿಡಕ್ಕೆ ಕಟ್ಟಿದ್ದ ಚಿಗರಿ ಬನಶಂಕರಿಯನ್ನು ಕಂಡು ಹಗ್ಗ ಹರಿಯುವಂತೆ ಜಗ್ಗಿತು, ಬಿಚ್ಚಿದೊಡನೆ ಆಕೆಯ ಕೊರಳಿಗೇ ಬಿತ್ತು. ಸಿದ್ದಲಿಂಗವ್ವನ ಕಡೆ ತಿರುಗಿಯೂ ನೋಡಲಿಲ್ಲ. ಅದು ನ್ಯಾಯವೇ ಎಂದು ತಿಳಿದಿದ್ದರೂ ಆಕೆಗೆ ಒಳಗೊಳಗೇ ಚುರುಕ್ಕೆಂದಿತು.

ಮರಳುವಾಗ ಚಿಗರಿಯೂ ಚಕ್ಕಡಿ ಏರಿತು. ಅರ್ಧ ದಾರಿಯಲ್ಲಿ ಸಿದ್ದಲಿಂಗವ್ವ ತಡೆಯಲಾರದೆ ಕೇಳಿದಳು:

"ಹಿತ್ತಲದಾಗ ಅದರ ಮುಂದ ಏನೇನ್ ಹೇಳ್ತಿದ್ದಿ?"

"ನಿಮ್ಮ ಮ್ಯಾಲಿನ ಚಾಡಿ ರಿ."

"ನನ್ನ ಮ್ಯಾಲಿಂದ? ಏನಂತ?"

"ತಲಿ ಬಾಚೂ ಮುಂದ ಕೂದ್ಲಾ ಕಿತ್ತ ಬರೂ ಹಂಗ ಜಗ್ಗತೀರಿ ಅಂತ. ಸಾಕಂದ್ರೂ ಕಡಬು ಹಾಕ್ತೀರಿ ಅಂತ. ಬಾಯಿ ತಗಿಯೂದರಾಗ ನಿಮ್ಮ ನಾಕು ಮಾತು ಮುಗದಿರತಾವ, ನಾ ಎಲ್ಲಿ ಮಾತಾಡ್ಲಿ ಅಂತ."

"ನಾ ಯಾವಾಗ ಹಂಗ ಮಾಡೀನಿ?"

"ಈಗ ಮಾಡಾಕತ್ತೀರಲ್ರಿ!"

ಚಕ್ಕಡಿ ಹೊಡೆಯುವವನು ಕಿಸಕ್ಕೆಂದ. ಬನಶಂಕರಿ ಒಂದೊಂದೇ ದೂರು ತೆಗೆದಳು, ಸಿದ್ದಲಿಂಗವ್ವ ಒಂದೊಂದಕ್ಕೂ ಜಗಳವಾಡಿದಳು. ಬಿಸಿಲು ನೆತ್ತಿಗೇರಿದರೂ ಇಬ್ಬರಿಗೂ ಅದರ ಪರಿವೆಯಿರಲಿಲ್ಲ. ಇಬ್ಬರ ನಡುವೆ ಕೂತಿದ್ದ ಚಿಗರಿ ಸೊಸೆಯ ತೊಡೆಯ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು. ಸಿದ್ದಲಿಂಗವ್ವ ಅದನ್ನು ಓರೆಗಣ್ಣಿನಿಂದ ನೋಡಿದಳು.

"ಒಂಚೂರು ಆಕಡಿ ಸರಿಯs" ಎಂದು ಅದನ್ನು ಮೆಲ್ಲಗೆ ದಬ್ಬಿ ಸೊಸೆಯ ಮಗ್ಗುಲಿಗೆ ಸರಿದು ಕೂತಳು. "ಹೂಂ, ಮುಂದ ಹೇಳು. ಇನ್ನೇನೇನ್ ಹೇಳೀದಿ ನನ್ನ ಮ್ಯಾಲೆ?"