ಕಾಂತಾಬಾಯಿಯ ಕನ್ನಡಕ

ನನ್ನ ಹೆಂಡತಿ ಕಾಂತಾಬಾಯಿ ನಾಲ್ಕು ವರ್ಷ ತನ್ನ ಇಷ್ಟಲಿಂಗವನ್ನು ಕಾಣದೆ ಪೂಜಿಸಿದಳು. ಎಡಗೈ ಮೇಲೆ ಲಿಂಗವಿಟ್ಟು ಅದರ ಮೇಲೆ ದೃಷ್ಟಿ ನಿಲ್ಲಿಸಿ ಕೂಡುವುದು ನಮ್ಮ ಪೂಜೆಯ ಕ್ರಮ. ಅವಳ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಬಲಿತಿತ್ತು. ನಾರಾಯಣಖೇಡದ ಸಂತೆಗೆ ಬಂದಿದ್ದ ಸೂಜಿವೈದ್ಯನೊಬ್ಬ ಪೊರೆ ಸರಿಸುತ್ತೇನೆಂದು ಎಡಗಣ್ಣಿಗೆ ಕೈಹಾಕಿ ಅದನ್ನು ಪೂರ್ತಿ ಕೆಡಿಸಿ ಹೋದ. ಉಳಿದದ್ದು ಬಲಗಣ್ಣು ಒಂದೇ. ಅವಳು ಬೆರಳಿನಿಂದ ಲಿಂಗವನ್ನು ಸವರುತ್ತ ಮಂತ್ರ ಹೇಳುವಳು.

"ಒಮ್ಮೆ ಕಣ್ತುಂಬ ನೋಡಿದ್ರ ಸಾಕರಿ. ಮತ್ತೇನೂ ಬ್ಯಾಡ" ಎನ್ನುವಳು.

ಅವು ನಿಜಾಮರ ಆಳಿಕೆಯ ಕಡೆಯ ವರ್ಷಗಳು. ತುಳಸಿರಾಮ ಎಂಬ ಕಣ್ಣಿನ ಡಾಕ್ಟರು ಹೈದರಾಬಾದಿನಿಂದ ರೈಲಿನಲ್ಲಿ ಜಹೀರಾಬಾದಿಗೆ ಬಂದು, ಮುಸಾಫಿರಖಾನೆಯಲ್ಲಿ ಹದಿನೈದು ದಿನ ಆಪರೇಷನ್ ಮಾಡುತ್ತಾರೆಂದು ಡಂಗುರ ಸಾರಿದರು. ಇವರು ಪೊರೆಯನ್ನು ಕಣ್ಣೊಳಗೇ ಕೆಳಗೆ ತಳ್ಳುವುದಿಲ್ಲ, ಹೊರಗೆ ತೆಗೆದೇ ಬಿಡುತ್ತಾರೆ ಎಂದು ಕೇಳಿ ನಾನು ಗಾಡಿ ಕಟ್ಟಿದೆ.

ಆಪರೇಷನ್ ಬೇಗ ಮುಗಿಯಿತು. ಕಷ್ಟವಿದ್ದದ್ದು ಆಮೇಲೆ. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ಎಂಟು ದಿನ ಅಂಗಾತ ಮಲಗಬೇಕು. ಕೆಮ್ಮಬಾರದು, ಸೀನಬಾರದು, ನಗಬಾರದು. ನಕ್ಕರೆ ಗಾಯ ಬಿಚ್ಚಿ ಕಣ್ಣು ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು.

ಕಂಬಳಿಯ ಪರದೆಯಾಚೆ ತಾಂಡೂರಿನ ಹಾಸುಗಲ್ಲಿನ ವ್ಯಾಪಾರಿ ಶಂಕ್ರೆಪ್ಪನವರು ಮಲಗಿದ್ದರು. ಅವರಿಗೂ ಅದೇ ಪಟ್ಟಿ, ಅದೇ ಮರಳಿನ ಚೀಲ. ಬಾಯಿಗೆ ಮಾತ್ರ ಪಟ್ಟಿ ಕಟ್ಟಿರಲಿಲ್ಲ.

"ತಂಗಿ, ಜಲ್ಮಪೂರ್ತಿ ಕಲ್ಲು ಮಾರೀನಿ. ಈಗ ನಾನೇ ಕಲ್ಲಾಗಿ ಬಿದ್ದೀನಿ ನೋಡು. ಯಾರರ ಅಳತಿ ಹಿಡದು ಗಾಡ್ಯಾಗ ಹಾಕ್ಕೊಂಡು ಹೋದಾರು!"

"ಅಣ್ಣಾ, ನಗಸಬ್ಯಾಡ. ಕಣ್ಣು ಹೋದ್ರ ನಿನ್ನ ಮನಿ ಬಾಗಲಕ್ಕ ಬಂದು ಕೂಡತೀನಿ."

"ಬಾ, ಬಾ. ಕೂಡಾಕ ಹಾಸುಗಲ್ಲು ಬೇಕಾದಷ್ಟು ಅದಾವ."

ಅವಳು ತುಟಿ ಕಚ್ಚಿ ಹಿಡಿಯುವಳು. ನಾನು ನಗುವುದಕ್ಕೆಂದು ಅಂಗಳಕ್ಕೆ ಓಡುವೆ.

ಶಂಕ್ರೆಪ್ಪನವರೂ ಲಿಂಗವಂತರೇ. ಪೂಜೆಯಾಗದೆ ಅವರಾಗಲಿ ಕಾಂತಾಬಾಯಿಯಾಗಲಿ ಅನ್ನ ಮುಟ್ಟುವವರಲ್ಲ. ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಹಿಡಿಯುವರು. ನಾನು ಒಂದೊಂದು ಚಮಚ ನೀರೆರೆದು ಲಿಂಗಕ್ಕೆ ವಿಭೂತಿ ಹಚ್ಚಿ ಪತ್ರಿ ಏರಿಸುವೆ. ಐದನೆಯ ದಿನ ಹಾಸಿಗೆ ಒದ್ದೆಯಾಯಿತೆಂದು ಕಂಪೌಂಡರ್ ಬೈದ. ಹೀಗಾಗಿ ಮರುದಿನ ಇಬ್ಬರ ಲಿಂಗವನ್ನೂ ಒಂದೇ ತಟ್ಟೆಯಲ್ಲಿಟ್ಟು ಪಡಸಾಲೆಗೆ ಒಯ್ದು, ಅಲ್ಲಿ ನೀರೆರೆದು ತಂದುಕೊಟ್ಟೆ. ಎರಡೂ ನುಣ್ಣಗೆ ಕಪ್ಪು, ಹೆಚ್ಚುಕಡಿಮೆ ಒಂದೇ ಅಳತೆ. ಒಬ್ಬರ ಲಿಂಗ ಇನ್ನೊಬ್ಬರ ಅಂಗೈ ಸೇರುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಬಲಗಡೆಯದು ಕಾಂತಾಬಾಯಿಯದು, ಬಲಗಡೆಯದು ಕಾಂತಾಬಾಯಿಯದು ಎಂದು ಹೇಳಿಕೊಳ್ಳುತ್ತಲೇ ಬಂದಿದ್ದೆ.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಬೆಳಕು ಕಂಡಿತು, ಆಕಾರ ಕಾಣಲಿಲ್ಲ. ಅವಳ ಮುಖ ಇಳಿದುಹೋಯಿತು.

"ಇನ್ನೆರಡು ದಿನ ತಡಿಯಮ್ಮಾ" ಎಂದರು ಡಾಕ್ಟರು. "ಕಣ್ಣಾಗಿನ ಬಿಲ್ಲೆ ತಗದೀನಿ. ಅದರ ಬದಲಿ ಹೊರಗೊಂದು ಬಿಲ್ಲೆ ಬೇಕು. ಕನ್ನಡಕ ಬರಲಿ."

ಹತ್ತನೆಯ ದಿನ ಬೆಳಿಗ್ಗೆ ಇಬ್ಬರಿಗೂ ದಪ್ಪ ಗಾಜಿನ ಕನ್ನಡಕ ಬಂದವು. ಕಾಂತಾಬಾಯಿ ಅದನ್ನು ಏರಿಸಿ, ನನ್ನ ಕಡೆ ಸಹ ನೋಡದೆ, ಕೊರಳ ಕರಡಿಗೆ ತೆರೆದು ಲಿಂಗವನ್ನು ಎಡಗೈ ಮೇಲಿಟ್ಟುಕೊಂಡಳು. ಮರುಗಳಿಗೆಯೇ ಕೂಗಿಕೊಂಡಳು.

"ಇದು ನಂದಲ್ಲರಿ! ನಂದು ಸಣ್ಣದಿತ್ತು. ಇದು ಎಷ್ಟು ದೊಡ್ಡದದ! ಯಾರ್ದು ತಂದು ಇಟ್ರಿ?"

ಒಂದೇ ತಟ್ಟೆಯಲ್ಲಿ ಒಯ್ದದ್ದನ್ನು ಒಪ್ಪಿಕೊಂಡೆ. ಪರದೆ ಸರಿಸುವಷ್ಟರಲ್ಲಿ ಆ ಕಡೆಯಿಂದ ನನ್ನನ್ನು ಕರೆಯುವ ಶಂಕ್ರೆಪ್ಪನವರ ದನಿ ಬಂತು.

"ಶಿವಶಂಕರಪ್ಪನೋರ, ಇದು ನಂದೂ ಅಲ್ಲ! ತಂಗೀದು ಇರಬೇಕು. ಭಾಳ ದೊಡ್ಡದದ!"

"ನಂದು ಸಣ್ಣದು ಅಂತೀನಲ್ಲಣ್ಣಾ!"

"ನಂದೂ ಸಣ್ಣದೇ ತಂಗಿ!"

ಕಾಂತಾಬಾಯಿ ಅಂಗೈ ಮೇಲಿನ ದೃಷ್ಟಿ ಕೀಳದೆ ನನ್ನನ್ನು ಕೇಳಿದಳು. "ಹಂಗಾದ್ರ ಎರಡೂ ಹ್ಯಾಂಗ ದೊಡ್ಡವಾದವು? ನೀರು ಹಾಕಿ ಬೆಳಸೀರೇನು?"

ಅವಳು ಕಣ್ಣು ಮುಚ್ಚಿದಳು. ಹೆಬ್ಬೆರಳನ್ನು ಲಿಂಗದ ಬುಡಕ್ಕೆ ಒಯ್ದಳು. ಅಲ್ಲಿ ಅವಳ ಬೆರಳಿಗೆ ಮಾತ್ರ ಗೊತ್ತಿದ್ದ, ಸಾಸಿವೆಯಷ್ಟು ತಗ್ಗೊಂದಿತ್ತು.

"ತಡೀರಿ... ಬೆರಳಿಗೆ ನಂದೇ ಅದ."

ಕಣ್ಣು ತೆರೆದಳು. "ಕಣ್ಣಿಗೆ ನಂದಲ್ಲ." ಮತ್ತೆ ಮುಚ್ಚಿದಳು. "ನಂದೇ." ಆಮೇಲೆ ತನ್ನ ಹೆಬ್ಬೆರಳನ್ನೇ ಎತ್ತಿ ಹಿಡಿದು ನೋಡಿದಳು. ನಾಲ್ಕು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಅಯ್ಯ ಶಿವನ! ನಿಮ್ಮ ಮೂಗೂ ಬೆಳದದಲ್ಲರಿ!"

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ನಕ್ಕರು. "ಲಿಂಗನೂ ಬೆಳದಿಲ್ಲ, ಮೂಗೂ ಬೆಳದಿಲ್ಲಮ್ಮಾ. ಈ ಗಾಜು ಎಲ್ಲಾನೂ ದೊಡ್ಡದು ಮಾಡಿ ತೋರಸ್ತದ. ಮುಂಚೇನೇ ಹೇಳಬೇಕಾಗಿತ್ತು ನಾನು."

"ಡಾಕ್ಟರ್ ಸಾಬ, ಇಂಥವು ನನ್ನ ಗಿರಾಕಿಗೋಳಿಗೂ ಹಾಕ್ರಿ" ಎಂದರು ಶಂಕ್ರೆಪ್ಪನವರು. "ನನ್ನ ಕಲ್ಲು ದೊಡ್ಡವು ಕಾಣ್ಲಿ!"

ಕಾಂತಾಬಾಯಿ ತುಟಿ ಬಿಗಿಹಿಡಿದು ಡಾಕ್ಟರನ್ನು ಕೇಳಿದಳು. "ಇನ್ನ ನಗಬಹುದೇನ್ರಿ?"

"ಮೆಲ್ಲಕ."

ಮೆಲ್ಲನೆ ನಗುವುದು ಅವಳಿಂದ ಆಗಲಿಲ್ಲ. ಹತ್ತು ದಿನದ್ದು ಒಟ್ಟಿಗೇ ನಕ್ಕಳು. ಬೈದ ಕಂಪೌಂಡರನೂ ನಕ್ಕ.

ಆಮೇಲೆ ಕಿಟಕಿಯ ಬಿಸಿಲಿಗೆ ತಿರುಗಿ ಪೂಜೆಗೆ ಕೂತಳು. ಕಪ್ಪು ಲಿಂಗದ ನೆತ್ತಿಯಲ್ಲಿ ಬೆಳಕಿನ ಒಂದು ಕಣ ನಿಂತಿತ್ತು, ಅವಳ ದೃಷ್ಟಿ ಅದರಲ್ಲಿ ನಿಂತಿತು. ರೊಟ್ಟಿ ಆರಿತು, ಪಲ್ಯ ಆರಿತು. ಯಾರೂ ಅವಳನ್ನು ಏಳಿಸಲಿಲ್ಲ.

ಈಗ ಅವಳು ಲಿಂಗೈಕ್ಯಳಾಗಿ ಎರಡು ತಿಂಗಳು. ಸಮಾಧಿಯಲ್ಲಿ ಕೂಡಿಸಿ ಎಡಗೈಯಲ್ಲಿ ಲಿಂಗವಿಟ್ಟಾಗ, ಸೊಸೆ ಕನ್ನಡಕ ತೆಗೆಯಲು ಕೈ ಚಾಚಿದಳು. "ಇರಲಿ ಬಿಡವ್ವ" ಎಂದೆ. "ಆಕಿಗೆ ದೊಡ್ಡದೇ ಕಾಣಲಿ."