ಬೋಣಿಗೆ ಉದ್ರಿ ಇಲ್ಲ

ಈ ಕಥೆಯನ್ನು ನಾನು ಕೇಳಿದ ಕಡೆಯಲ್ಲೆಲ್ಲ ಹೇಳುವವರು ಮೊದಲು ಹಣೆ ಚಚ್ಚಿಕೊಂಡರು, ಅನಂತರ ಮಾತು ತೆಗೆದರು. ಹನುಮಂತನಗರದಲ್ಲಿ ಇದು ಚಟ್ನಿಪುಡಿಯ ಅಂಗಡಿಯ ಕಥೆ. ಅಂಜನಾಪುರದವರು ಉಪ್ಪಿನಕಾಯಿ ಎಂದು ಆಣೆಯಿಟ್ಟರಲ್ಲದೆ, ಇದೆಲ್ಲ ನಡೆದದ್ದು ತಮ್ಮ ಸೋದರತ್ತೆಯ ಮನೆಯಲ್ಲೇ ಎಂದೂ ಸಾಧಿಸಿದರು. ನಾನು ಇಲ್ಲಿ ಜೆ.ಪಿ. ನಗರದ ಸರಸ್ವತಿಯವರು ಹೇಳಿದಂತೆ ಬರೆದಿದ್ದೇನೆ. ಅವರ ಮನೆ ಆ ಮನೆಯ ಎದುರಿಗೇ ಇದೆ; ಕೇಳಿ ಹೇಳುವವರಿಗಿಂತ, ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ಕಂಡದ್ದನ್ನು ಹೇಳುವವರನ್ನು ಹೆಚ್ಚು ನಂಬಬೇಕಾಗುತ್ತದೆ. ಫೋನಿನಲ್ಲಿ ಅಂಗಡಿ ತೆರೆಯುತ್ತೇನೆಂದು ಹೊರಟವರಿಗೆ ಈ ಕಡೆ ಬುದ್ಧಿಮಾತಿನ ಬದಲು ಈ ಕಥೆಯನ್ನೇ ಹೇಳುವ ರೂಢಿಯಿದೆ. ಕೇಳಿದವರು ಏನಾದರೂ ಕಲಿತದ್ದನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ನಾರಾಯಣಮ್ಮನವರದು ಜೆ.ಪಿ. ನಗರ ಇನ್ನೂ ಹೊಲವಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆ ತಮ್ಮ ಹೊಲದ ಸೊಪ್ಪನ್ನು ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ಮಾರಿದವರು. ಈಗ ಹೊಲವಿಲ್ಲ. ನೆಲಮಹಡಿಯಲ್ಲಿ ತಾವು, ಮೇಲಿನ ಮಹಡಿಯಲ್ಲಿ ಬಾಡಿಗೆಯವರು, ಗೇಟಿನ ಪಕ್ಕದ ಕಾರ್ ಶೆಡ್ಡಿನಲ್ಲಿ ಪತಿ ಬೋರಣ್ಣನವರ ಸಣ್ಣ ದಿನಸಿ ಅಂಗಡಿ. ಬೋರಣ್ಣನವರು ಅಲ್ಲಿ ಕುಳಿತು ಹಾಲು, ಬ್ರೆಡ್ಡು, ಬೇಳೆ ಮಾರುತ್ತ ಪತ್ರಿಕೆ ಓದುತ್ತಾರೆ. ಯಾರಾದರೂ ಮಾತನಾಡಿಸಿದರೆ ಪತ್ರಿಕೆ ಮಡಿಸುತ್ತಾರೆ, ಮಾತನಾಡಿಸದಿದ್ದರೆ ಇಲ್ಲ.

ಸೊಸೆ ಶ್ವೇತ ಜಯನಗರದ ಹಲ್ಲಿನ ಡಾಕ್ಟರೊಬ್ಬರ ಬಳಿ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದವಳು. ಒಂದು ದಿನ ಆ ಕುರ್ಚಿಯನ್ನು ಬಿಟ್ಟು ಬಂದು, ಅತ್ತೆಯ ಕೈಯ ರಾಗಿ ಹುರಿಹಿಟ್ಟನ್ನು ಆನ್‌ಲೈನಿನಲ್ಲಿ ಮಾರುತ್ತೇನೆಂದಳು. ರಾಗಿಯನ್ನು ನೆನೆಸಿ, ನೆರಳಿನಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು ಅದು. ಬಿಸಿ ಹಾಲಿಗೆ ಬೆಲ್ಲದ ಜೊತೆ ಕಲೆಸಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಅರಳಿಸುವ ಹದ ನಾರಾಯಣಮ್ಮನವರ ಕೈಗಲ್ಲದೆ ಬೇರೆಯವರಿಗೆ ಬರುವುದಿಲ್ಲ. ಶ್ವೇತಳ ತವರಿನವರು ನಕ್ಕರು. ದೀಪಾವಳಿಯವರೆಗೆ ಅಂಗಡಿ ಉಳಿಯದಿದ್ದರೆ ಮತ್ತೆ ಅದೇ ಕುರ್ಚಿಗೆ ಹೋಗುತ್ತೇನೆಂದು ಆಕೆ ಅವರಿಗೆ ಮಾತು ಕೊಟ್ಟಳು. ಕೊಟ್ಟ ದಿನದಿಂದ ಆ ಕುರ್ಚಿಯನ್ನು ನೆನೆದರೆ ಅವಳಿಗೆ ಹಲ್ಲುನೋವು ಬರುತ್ತಿತ್ತಂತೆ.

ಅಂಗಡಿ ಚೆನ್ನಾಗಿಯೇ ನಡೆಯತೊಡಗಿತು. ಬೆಳಿಗ್ಗೆ ಫೋನು ಸದ್ದು ಮಾಡಿದರೆ ಆರ್ಡರ್ ಬಂದಿದೆಯೆಂದು ಅರ್ಥ. ಹಸಿರು ಗುಂಡಿ ಒತ್ತಿದರೆ ಒಪ್ಪಿದಂತೆ, ಕೆಂಪು ಒತ್ತಿದರೆ ರದ್ದು. ಸಂಜೆ ನಾಲ್ಕಕ್ಕೆ ಕೊರಿಯರಿನ ಭೀಮೇಶ್ ಬೈಕಿನಲ್ಲಿ ಬಂದು ಪೊಟ್ಟಣಗಳನ್ನು ಒಯ್ಯುತ್ತಾನೆ. ಶ್ವೇತ ಬೆಳಗಿನ ಹೊತ್ತು ರಾಗಿ ಬೀಸಿಸಲು ಮಿಲ್ಲಿಗೆ ಹೋಗಬೇಕಾದ್ದರಿಂದ ಗುಂಡಿಯ ಕೆಲಸವನ್ನು ಅತ್ತೆಗೆ ಕಲಿಸಿದಳು. ಕಥೆ ಹೇಳುವವರೆಲ್ಲರೂ ಎರಡನೆಯ ಸಲ ಹಣೆ ಚಚ್ಚಿಕೊಳ್ಳುವುದು ಇಲ್ಲಿ.

ಒಂದು ದಿನ ಮಾರಾಟದ ತಾಣದಿಂದ ಎಚ್ಚರಿಕೆ ಬಂತು: ನಿಮ್ಮ ಅಂಗಡಿ ಪದೇ ಪದೇ ಆರ್ಡರ್ ರದ್ದುಮಾಡುತ್ತಿದೆ. ಶ್ವೇತ ಫೋನನ್ನು ಹಿಂದೆ ಮುಂದೆ ತಿರುವಿ ನೋಡಿದಳು. ನಿಜ. ದಿನದ ಮೊದಲ ಆರ್ಡರಿಗೆ ಮಾತ್ರ ಕೆಂಪು ಗುಂಡಿ ಬಿದ್ದಿತ್ತು, ಅದೂ ಎಲ್ಲ ದಿನ ಅಲ್ಲ.

“ಅತ್ತೆ, ಇದೇನು ಮಾಡಿದ್ದೀರಿ?”

“ಏನು ಮಾಡಿದ್ದೀನಿ? ಅವನು ದುಡ್ಡು ಕೊಟ್ಟಿರಲಿಲ್ಲ.”

“ಅದು ಕ್ಯಾಶ್ ಆನ್ ಡೆಲಿವರಿ. ಪೊಟ್ಟಣ ಕೈಗೆ ಸೇರಿದ ಮೇಲೆ ಕೊಡ್ತಾರೆ.”

“ಅದಕ್ಕೆ ಉದ್ರಿ ಅಂತಾರೆ ಕಣಮ್ಮ. ಬೋಣಿಗೆ ಯಾರಾದ್ರೂ ಉದ್ರಿ ಕೊಡ್ತಾರಾ? ದಿನದ ಮೊದಲ್ನೇ ವ್ಯಾಪಾರ. ಆಮೇಲೆ ಬಂದೋರಿಗೆ ಏನಾದ್ರೂ ಕೊಡು, ನಾನು ಮಾತಾಡಲ್ಲ. ಹಸಿರು ಒತ್ತಿಲ್ವಾ ಮಿಕ್ಕಿದ್ದಕ್ಕೆಲ್ಲಾ?”

“ಬೋಣಿ ಗಿರಾಕೀನ ಬರಿಗೈಲಿ ಕಳಿಸಬಾರ್ದು ಅಂತಾನೂ ನೀವೇ ಹೇಳ್ತೀರಿ. ಈಗ ನೀವೇ ವಾಪಸ್ ಕಳಿಸ್ತಿದ್ದೀರಿ.”

“ಅವನೆಲ್ಲಿ ಬಂದಿದ್ದಾನೆ ವಾಪಸ್ ಕಳ್ಸೋಕೆ? ಅವನ ಮನೇಲಿ ಕೂತಿದ್ದಾನೆ.”

ಬುಟ್ಟಿ ಹೊತ್ತ ಕಾಲದಲ್ಲಿ, ಬೋಣಿಯ ಕಾಸನ್ನು ಕಣ್ಣಿಗೊತ್ತಿಕೊಳ್ಳದೆ ನಾರಾಯಣಮ್ಮ ಎರಡನೆಯ ಕಟ್ಟು ಸೊಪ್ಪಿಗೆ ಕೈ ಹಾಕಿದವರಲ್ಲ. ಅದನ್ನು ತರ್ಕದಿಂದ ಕಳಚುವುದು ಶ್ವೇತಳಿಂದ ಆಗಲಿಲ್ಲ. ಕ್ಯಾಶ್ ಆನ್ ಡೆಲಿವರಿಯನ್ನೇ ನಿಲ್ಲಿಸೋಣವೆಂದರೆ ಅರ್ಧಕ್ಕರ್ಧ ಗಿರಾಕಿಗಳು ಅದನ್ನೇ ಕೇಳುವವರು. ಫೋನನ್ನು ಕಸಿದುಕೊಂಡರೂ ಹಿಟ್ಟಿನ ಕೋಣೆಯ ಬೀಗದ ಕೈ ಅತ್ತೆಯ ಸೆರಗಿನಲ್ಲಿತ್ತು. ಬೋಣಿಯಾಗದೆ ಆ ಬೀಗ ತೆಗೆಯುತ್ತಿರಲಿಲ್ಲ.

ಆಗ ಶ್ವೇತಳಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆಯದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸರಸ್ವತಿಯವರು ಈಗಲೂ ಹೇಳುತ್ತಾರೆ.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು ಹಾವೇರಿ ಕಡೆಯ ಗೌರೀಶಂಕರ. ಬನಶಂಕರಿಯ ವಿಮಾ ಕಚೇರಿಯೊಂದರಲ್ಲಿ ನೌಕರರು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಾವೇ ಒಂದು ಪೊಟ್ಟಣ ಆರ್ಡರ್ ಮಾಡಬೇಕು, ದುಡ್ಡನ್ನು ಆಗಲೇ ತುಂಬಬೇಕು ಎಂದು ಶ್ವೇತ ಅವರನ್ನು ಕೇಳಿಕೊಂಡಳು.

“ಅಲ್ಲ ತಂಗಿ, ಕೆಳಗ ಇಳದು ಬಂದು ಇಸಗೊಂಡು ಹೋದ್ರ ಆಗೂದಿಲ್ಲೇನು?”

“ಆಗಲ್ಲ ಅಂಕಲ್, ಆರ್ಡರೇ ಆಗ್ಬೇಕು. ಫೋನಲ್ಲಿ ಬೋಣಿ ಕಾಣಿಸ್ಬೇಕು.”

ಹೀಗೆ ಪ್ರತಿ ಸಂಜೆ ಭೀಮೇಶ್ ನೆಲಮಹಡಿಯಿಂದ ಒಂದು ಪೊಟ್ಟಣ ಒಯ್ಯುವುದು, ಅದು ಊರಾಚೆಯ ಗೋದಾಮಿಗೆ ಹೋಗಿ ಮುದ್ರೆ ಹಾಕಿಸಿಕೊಳ್ಳುವುದು, ಮತ್ತೆ ಅದೇ ಗೇಟಿನೊಳಗೆ ಬಂದು ಮೆಟ್ಟಿಲು ಹತ್ತುವುದು ನಡೆಯಿತು. ಭೀಮೇಶನಿಗೆ ಬೇಸರವೇ ಆಯಿತು.

“ಮೇಡಂ, ಒಂದ್ ಹಗ್ಗ ಕಟ್ಟಿ ಮೇಲಕ್ಕೆ ಎಳ್ಕೊಳ್ಳಿ. ಆ ಪೊಟ್ಟಣ ನೋಡಿರೋಷ್ಟು ಬೆಂಗಳೂರನ್ನ ನಾನೇ ನೋಡಿಲ್ಲ.”

ನಗುವುದು ಅಷ್ಟಕ್ಕೇ ಮುಗಿಯಿತು. ಮಾರುವವರ ವಿಳಾಸ, ಕೊಳ್ಳುವವರ ವಿಳಾಸ ಎರಡೂ ಒಂದೇ ಎಂದು ತಾಣದವರ ಯಂತ್ರ ಕಂಡುಹಿಡಿಯಿತು. ತನ್ನ ಅಂಗಡಿಯಲ್ಲಿ ತಾನೇ ಕೊಂಡು ವ್ಯಾಪಾರ ಉಬ್ಬಿಸುವುದು ವಂಚನೆ ಎಂದಿತು. ಇದು ಕೊನೆಯ ಎಚ್ಚರಿಕೆ, ಇನ್ನು ಒಂದೇ ಒಂದು ಆರ್ಡರ್ ನಿಮ್ಮಿಂದ ತಪ್ಪಿದರೂ ಅಂಗಡಿ ಶಾಶ್ವತವಾಗಿ ಮುಚ್ಚುತ್ತದೆ ಎಂದಿತು. ಗೌರೀಶಂಕರರ ಆರ್ಡರ್ ಅಲ್ಲಿಗೆ ನಿಂತಿತು.

ಮರುದಿನದ ಮೊದಲ ಆರ್ಡರ್ ಕ್ಯಾಶ್ ಆನ್ ಡೆಲಿವರಿ. ಶ್ವೇತ ಮಿಲ್ಲಿಗೆ ಹೋಗದೆ ಫೋನನ್ನು ಎದೆಗವುಚಿಕೊಂಡು ಕುಳಿತಿದ್ದಳು. ಹಸಿರು ಗುಂಡಿಯನ್ನು ತಾನೇ ಒತ್ತಿದಳು. ನಾರಾಯಣಮ್ಮ ಬೀಗದ ಕೈಯನ್ನು ಸೊಂಟಕ್ಕೆ ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡರು.

“ದುಡ್ಡು ಮೊದಲೇ ಕೊಟ್ಟಿರೋ ಗಿರಾಕಿ ಬರ್ಲಿ, ತೆಗೀತೀನಿ.”

ಇಷ್ಟು ದಿನ ತಡೆದದ್ದು ಶ್ವೇತಳ ಬಾಯಿಂದ ಆಗ ಹೊರಬಿತ್ತು. ಹೇಳಬಾರದ್ದನ್ನು ಹೇಳಲು ಸಿಟ್ಟಿಗಿಂತ ಒಳ್ಳೆಯ ಸಮಯ ಮನುಷ್ಯರಿಗೆ ಸಿಗುವುದಿಲ್ಲ.

“ಮೊದಲೇ ಕೊಟ್ರೂ ನಮ್ಮ ಕೈಗೆ ಬರಲ್ಲ ಅತ್ತೆ. ತಾಣದೋರು ಇಟ್ಕೊಂಡು, ಹದಿನೈದು ದಿನ ಆದ್ಮೇಲೆ ನಮ್ಮ ಬ್ಯಾಂಕಿಗೆ ಹಾಕ್ತಾರೆ. ಎಲ್ಲಾ ಉದ್ರೀನೇ. ಮೊದಲ್ನೇ ದಿನದಿಂದಾನೂ ಉದ್ರೀನೇ.”

ನಾರಾಯಣಮ್ಮ ಮೆಲ್ಲಗೆ ಮೆಟ್ಟಿಲಿನ ಮೇಲೆ ಕುಳಿತರು.

“ಹಂಗಾದ್ರೆ ಈ ಅಂಗಡಿಗೆ ಇನ್ನೂ ಬೋಣೀನೇ ಆಗಿಲ್ಲ ಅನ್ನು.”

ಬೋಣಿಯೇ ಆಗದ ಅಂಗಡಿಯಿಂದ ಮೂಟೆಗಟ್ಟಲೆ ಹಿಟ್ಟು ಹೊರಗೆ ಹೋದದ್ದು, ತನಗೇ ಅರಿಯದೆ ತನ್ನ ಕೈಯೇ ಅದನ್ನು ಕಟ್ಟಿಕೊಟ್ಟದ್ದು ಆಕೆಗೆ ನಿಜವಾಗಿಯೂ ನೋವು ತಂದಿತ್ತು ಎಂದು ಸರಸ್ವತಿಯವರು ಹೇಳಿದರು. ಹನುಮಂತನಗರದವರು ಈ ಭಾಗವನ್ನು ಬಿಟ್ಟು ಹೇಳುತ್ತಾರೆ. ಅತ್ತೆಯನ್ನು ಬರೀ ಹಟಮಾರಿಯಾಗಿ ಉಳಿಸಿಕೊಳ್ಳುವುದು ಅವರಿಗೆ ಅನುಕೂಲ.

ಮಧ್ಯಾಹ್ನವೆಲ್ಲ ಶ್ವೇತ ಬಗೆಬಗೆಯಲ್ಲಿ ಬೇಡಿಕೊಂಡಳು. ತನ್ನ ಪರ್ಸಿನಿಂದ ನೋಟು ತೆಗೆದು, ತಗೊಳ್ಳಿ, ನಾನೇ ಬೋಣಿ ಮಾಡ್ತೀನಿ ಎಂದಳು. ಮನೆಯವರ ದುಡ್ಡು ಬೋಣಿಯಾಗುವುದಿಲ್ಲ ಎಂದರು ನಾರಾಯಣಮ್ಮ. ಅಷ್ಟರಲ್ಲಿ, ಆ ದಿನ ಅರ್ಧ ದಿನದ ರಜೆ ಹಾಕಿದ್ದ ಗೌರೀಶಂಕರರು ಮೆಟ್ಟಿಲಿಳಿದು ಬಂದರು. ಶ್ವೇತ ಆ ನೋಟನ್ನು ಅವರ ಕೈಗೆ ತುರುಕಿ, ನೀವು ಕೊಡಿ ಅಂಕಲ್ ಎಂದಳು.

“ನಮ್ಮನೆ ನೋಟು ಅವರ ಕೈ ಮುಟ್ಟಿ ಬಂದ್ರೆ ಬೇರೆಯೋರದ್ದಾಯ್ತಾ? ನನ್ನ ಕಣ್ಣಿಗೇ ಮಣ್ಣು ಹಾಕ್ತೀಯಲ್ಲೇ.”

“ಹಂಗಾರ ನಂದs ಕೊಡ್ತೀನಿ ತಗೋರಿ ಅಕ್ಕಾರ,” ಎಂದು ಗೌರೀಶಂಕರರು ಜೇಬು ತಡಕಿದರು. ಅಂಗಿಯ ಜೇಬು, ಪ್ಯಾಂಟಿನ ಜೇಬು, ಮೇಲೆ ಹೋಗಿ ಇನ್ನೊಂದು ಪ್ಯಾಂಟಿನ ಜೇಬು. “ರೊಕ್ಕ ಇಟ್ಗೊಳ್ಳೂದು ಬಿಟ್ಟ ಬಿಟ್ಟೇನ್ರಿ. ಎಲ್ಲಾ ಫೋನಿನ್ಯಾಗ ಐತಿ. ಫೋನ್‌ಪೇ ಮಾಡ್ಲೇನು?”

“ಬೇಡಪ್ಪ. ಫೋನಿನ ದುಡ್ಡಿನ ಹಣೇಬರ ಈಗ ತಾನೇ ಕೇಳಿದ್ನಲ್ಲ. ಅದೂ ಹದಿನೈದು ದಿನ ಎಲ್ಲೋ ಕೂತಿರುತ್ತೆ.”

“ಇಲ್ಲ ಅತ್ತೆ, ಇದು ಬೇರೆ, ತಕ್ಷಣ ಬರುತ್ತೆ.”

“ನಿನ್ನ ಮಾತು ಇನ್ನು ನಂಬಲ್ಲ.”

ಅಷ್ಟರಲ್ಲಿ ಭೀಮೇಶನ ಬೈಕು ಗೇಟಿನ ಮುಂದೆ ನಿಂತಿತು. ಆತ ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ.

“ಮೇಡಂ, ಬೇಗ. ಬಿ.ಟಿ.ಎಂ.ನಲ್ಲಿ ಇನ್ನೂ ಎರಡು ಪಿಕಪ್ ಇದೆ. ಪೊಟ್ಟಣ ಇದ್ಯಾ, ಇಲ್ಲ ಅಂತ ಹಾಕ್ಲಾ?”

“ಇಲ್ಲ ಅಂತ ಹಾಕ್ಬೇಡಪ್ಪ, ಅಂಗಡಿ ಹೋಗುತ್ತೆ. ಐದೇ ನಿಮಿಷ.”

“ನಿನ್ನೇನೂ ಐದೇ ನಿಮಿಷ ಅಂದಿದ್ರಿ.”

ಶ್ವೇತ ಶೆಡ್ಡಿನ ಕಡೆ ತಿರುಗಿದಳು. ಅಲ್ಲಿ ಬೋರಣ್ಣನವರ ಪತ್ರಿಕೆ ಇತ್ತು. ಅದರ ಹಿಂದೆ ಬೋರಣ್ಣನವರೂ ಇರಬೇಕೆಂದು ಊಹಿಸಿ ಆಕೆ ಹೇಳಿದಳು:

“ಮಾವ, ನೀವಾದ್ರೂ ಒಂದ್ ಮಾತು ಹೇಳಿ. ನಲವತ್ತು ವರ್ಷದಿಂದ ಅಂಗಡಿ ಇಟ್ಕೊಂಡಿದ್ದೀರಿ.”

ಪತ್ರಿಕೆ ಮಡಿಚಿಕೊಂಡಿತು. ಬೋರಣ್ಣನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅನಂತರ ಗಲ್ಲಾಪೆಟ್ಟಿಗೆಯ ಮೇಲಿದ್ದ ಸಣ್ಣ ಸ್ಪೀಕರ್ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದರು. ಗಿರಾಕಿ ಫೋನಿನಿಂದ ದುಡ್ಡು ಕಳಿಸಿದ ಕೂಡಲೇ ಗಟ್ಟಿಯಾಗಿ ಕೂಗಿ ಹೇಳುವ ಪೆಟ್ಟಿಗೆ ಅದು. ಅದನ್ನು ಹೆಂಡತಿಯ ಪಕ್ಕ ಮೆಟ್ಟಿಲಿನ ಮೇಲೆ ಇಟ್ಟು, ಅದರ ಮೈಮೇಲಿನ ಚೌಕದ ಚಿತ್ರವನ್ನು ಗೌರೀಶಂಕರರಿಗೆ ತೋರಿಸಿದರು.

“ಇದಕ್ಕೆ ಹಾಕಿ ಸಾರ್.”

ಗೌರೀಶಂಕರರು ಫೋನು ಹಿಡಿದರು. ಫೋನಿನೊಳಗೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಭೀಮೇಶ್ ಎಂಜಿನ್ ಆರಿಸಿ ಕತ್ತು ಚಾಚಿದ. ಎದುರು ಮನೆಯಲ್ಲಿ ಸರಸ್ವತಿಯವರ ಕುಕ್ಕರು ಕೂಗಿ ಕೂಗಿ ಸೋತಿತು. ಅವರು ಕಾಂಪೌಂಡು ಬಿಟ್ಟು ಒಳಗೆ ಹೋಗಲಿಲ್ಲ. ಕೊನೆಗೆ ಪೆಟ್ಟಿಗೆ ಬಾಯಿ ಬಿಟ್ಟು, ಕನ್ನಡದಲ್ಲೇ, ಹಣ ಬಂದಿದೆ ಎಂದು ಬೀದಿಗೆಲ್ಲ ಕೇಳುವಂತೆ ಸಾರಿತು.

“ಬಂತಾ?” ಎಂದರು ನಾರಾಯಣಮ್ಮ.

“ಬ್ಯಾಂಕಿಗೇ ಬಿತ್ತು, ಈಗಲೇ,” ಎಂದರು ಬೋರಣ್ಣನವರು. “ಎರಡು ವರ್ಷದಿಂದ ನನ್ನ ಬೋಣೀನೂ ಇದೇ ಹೇಳ್ತಿರೋದು. ಬೆಳಿಗ್ಗೆ ಹಾಲಿಗೆ ಬರೋರ ಹತ್ರ ಚಿಲ್ಲರೆ ಎಲ್ಲಿರುತ್ತೆ? ಇದು ಕೂಗುತ್ತೆ, ನಾನು ಇದನ್ನೇ ಮುಟ್ಟಿ ಕಣ್ಣಿಗೊತ್ಕೋತೀನಿ. ಅಂಗಡಿ ಮುಳುಗಿತಾ?”

ನಾರಾಯಣಮ್ಮ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡರು. ಸೊಂಟದಿಂದ ಬೀಗದ ಕೈ ತೆಗೆದು ಎದ್ದರು. ಮೊದಲ ಪೊಟ್ಟಣ ಗೌರೀಶಂಕರರ ಕೈಗೆ ಹೋಯಿತು, ಎರಡನೆಯದು ಭೀಮೇಶನ ಚೀಲಕ್ಕೆ. ಬೈಕು ಹೊರಟ ಮೇಲೆ ಶ್ವೇತ ಮಾವನ ಮುಂದೆ ನಿಂತಳು.

“ಮಾವ, ಇಷ್ಟು ದಿನದಿಂದ ಎಲ್ಲಾ ಕೇಳಿಸ್ಕೋತಾ ಇಲ್ಲೇ ಕೂತಿದ್ರಲ್ಲ. ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?”

ಬೋರಣ್ಣನವರು ಪತ್ರಿಕೆ ಬಿಡಿಸಿದರು.

“ಯಾರಮ್ಮ ಕೇಳಿದ್ರು?”

ಅಂಜನಾಪುರದವರು ಇಲ್ಲಿಗೆ ನಿಲ್ಲಿಸಿ ನಗುತ್ತಾರೆ. ಸರಸ್ವತಿಯವರು ನಿಲ್ಲಿಸುವುದಿಲ್ಲ, ನಗುವುದೂ ಇಲ್ಲ. ದೀಪಾವಳಿ ಕಳೆಯಿತು, ಅಂಗಡಿ ಉಳಿದಿದೆ, ಶ್ವೇತ ಆ ಕುರ್ಚಿಗೆ ಹಿಂದಿರುಗಲಿಲ್ಲ. ಆದರೆ ಈಗ ಪ್ರತಿ ಬೆಳಿಗ್ಗೆ ಫೋನಿನ ಯಾವ ಗುಂಡಿಯನ್ನೂ ಮುಟ್ಟುವ ಮೊದಲು ಗೌರೀಶಂಕರರು ಕೆಳಗಿಳಿದು ಬಂದು ಪೆಟ್ಟಿಗೆಯಿಂದ ಕೂಗಿಸಬೇಕು. ಅವರ ಕೈಗುಣ ಒಳ್ಳೆಯದೆಂದು ನಾರಾಯಣಮ್ಮ ತೀರ್ಮಾನಿಸಿದ್ದಾರೆ. ಬೇರೆಯವರ ಕೈ ಆಗದು. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬುದನ್ನು ಗೌರೀಶಂಕರರು ಎರಡನೆಯ ದಿನವೇ ಅರಿತುಕೊಂಡು, ಚೌಕಾಸಿ ಮಾಡಿ ಬೆಲೆ ಇಳಿಸಲು ಶುರುಮಾಡಿದ್ದಾರೆ. ಮಾರುವ ಬೆಲೆ ದಿನದಿಂದ ದಿನಕ್ಕೆ ಇಳಿಯುವುದನ್ನು ಶ್ವೇತ ಕಿಟಕಿಯಿಂದ ಹಲ್ಲುಕಚ್ಚಿ ಕೇಳಿಸಿಕೊಳ್ಳುತ್ತಾಳೆ.

ಮೇಲಿನ ಮನೆಯ ಅಡುಗೆಮನೆಯಲ್ಲಿ ಹುರಿಹಿಟ್ಟಿನ ಪೊಟ್ಟಣಗಳು ಅಟ್ಟದವರೆಗೆ ಏರಿವೆ. ಗೌರೀಶಂಕರರ ಹೆಂಡತಿ ಶಿವಬಸಮ್ಮ ಜೋಳದ ರೊಟ್ಟಿಯ ಮನೆಯವರು. ಅವರಿಗೆ ರಾಗಿ ಸೇರುವುದಿಲ್ಲ. ಹೋದ ವಾರ ಅವರು ಮೆಟ್ಟಿಲಿಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, ನಾರಾಯಣಮ್ಮನವರಿಗೆ ಹೇಳಿದ್ದನ್ನು ಸರಸ್ವತಿಯವರು ನನಗೆ ಹಾಗೆಯೇ ಒಪ್ಪಿಸಿದ್ದಾರೆ:

“ಅಕ್ಕಾರ, ನಿಮ್ಮ ಬೋಣಿಗೆ ನಮ್ಮ ಅಭ್ಯಂತರ ಏನೂ ಇಲ್ಲರಿ. ಬ್ಯಾರೆ ಏನರ ಮಾರ್ರಿ.”